ಸೇಬಿನ ಮರದ ಹೊಗೆ

ವೆಂಡೆಲ್ ಫಾಲ್ಸ್ ಊರಿನಲ್ಲಿ ಯಾರದಾದರೂ ಮನೆಗೆ ಬೆಂಕಿ ಬಿದ್ದರೆ ಮೊದಲು ಬರುತ್ತಿದ್ದುದು ನೀರಿನ ಲಾರಿ. ಆಮೇಲೆ ಚರ್ಚಿನ ಹೆಂಗಸರು, ಆಲೂಗಡ್ಡೆಗೆ ಚೀಸು ಸುರಿದು ಬೇಯಿಸಿದ ತಟ್ಟೆಗಳನ್ನು ಹಿಡಿದುಕೊಂಡು. ಕೊನೆಗೆ, ಬೂದಿ ತಣ್ಣಗಾದ ಮೇಲೆ, ಹಾರ್ಲನ್ ಟೀಡೆಮನ್. ಮೊದಲಿನವರ ದಾರಿಯನ್ನು ಜನ ಕಾಯುತ್ತಿದ್ದರು. ಇವನು ಬಂದರೆ ಹೆದರುತ್ತಿದ್ದರು.

ಹಾರ್ಲನ್ ವಿಮಾ ಕಂಪನಿಯ ಪರವಾಗಿ ಸುಟ್ಟ ಮನೆ, ಸುಟ್ಟ ಶೆಡ್ಡು, ಸುಟ್ಟ ಕೊಟ್ಟಿಗೆಗಳನ್ನು ನೋಡಿ ವರದಿ ಬರೆಯುವವನು. ಪೆನ್ಸಿಲಿನ ತುದಿಯಲ್ಲಿ ಬೂದಿ ಕೆದಕುತ್ತ ಹೋಗಿ, ಕರಗಿ ಮಣಿಗಟ್ಟಿದ ತಾಮ್ರದ ಎಳೆಯೊಂದನ್ನು ಎತ್ತಿ ಬೆಳಕಿಗೆ ಹಿಡಿದು, ಕೇಕು ಚೆನ್ನಾಗಿದೆ ಎನ್ನುವವನ ದನಿಯಲ್ಲಿ ಕೇಳುತ್ತಿದ್ದ: “ಈ ವೈರು ಎಳೆದೋರು ಯಾರು?”

ಎಳೆದವರು ಸಾಮಾನ್ಯವಾಗಿ ಎದುರಿಗೇ ಇರುತ್ತಿದ್ದರು, ಪಕ್ಕದ ಮನೆಯವರು ಕೊಟ್ಟ ಕೋಟು ತೊಟ್ಟುಕೊಂಡು. ಪರವಾನಗಿ ಇಲ್ಲದೆ, ಕಲಿತವರನ್ನು ಕರೆಸದೆ ಸ್ವಂತ ಕೈಯಿಂದ ಎಳೆದ ವೈರು ಎಂದು ಗೊತ್ತಾದರೆ ಹಾರ್ಲನ್ ತಲೆ ಅಲ್ಲಾಡಿಸುತ್ತಿದ್ದ. ಅಲ್ಲಿಗೆ ವಿಮೆಯ ಹಣದ ಆಸೆ ಮುಗಿಯಿತು. ಅವನು ಕೆಟ್ಟವನೇನಲ್ಲ, ಸುಳ್ಳು ಬರೆದವನೂ ಅಲ್ಲ. ಹಾಗೆಂದೇ ಅವನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಜನರಿಗೆ ಇನ್ನಷ್ಟು ಕಷ್ಟವಾಗುತ್ತಿತ್ತು. ಕ್ಯಾಸ್ ಕ್ರಾಲ್ ಎಂಬ ರೈತನ ಶೆಡ್ಡು ಸುಟ್ಟಾಗ, ಕೋಳಿಮರಿಗಳಿಗೆ ಬೆಚ್ಚಗಿರಲೆಂದು ನೇತುಹಾಕಿದ್ದ ಒಂದು ದೀಪದ ವೈರನ್ನು ಹಿಡಿದು ಹಾರ್ಲನ್ ಆಗುವುದಿಲ್ಲ ಎಂದು ಬರೆದಿದ್ದ. ಕ್ಯಾಸ್ ಸಾಯುವವರೆಗೂ ಅವನನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದ.

ನಿವೃತ್ತಿಯ ದಿನ ಕಚೇರಿಯವರು ಹಾರ್ಲನ್‌ಗೆ ಹೊಗೆ ಪತ್ತೆ ಮಾಡುವ ಒಂದು ಯಂತ್ರವನ್ನು ಉಡುಗೊರೆ ಕೊಟ್ಟರು. ತಮಾಷೆಗೆ ಕೊಟ್ಟದ್ದು. ಅವನು ಮನೆಗೆ ತಂದು ಏಣಿ ಹಾಕಿ ಗೋಡೆಗೆ ಬಿಗಿದ. ಅದರ ಪಕ್ಕದಲ್ಲೇ ಒಂದು ಆಗಲೇ ಇತ್ತು.

ಆ ಚಳಿಗಾಲ ಹೆಂಡತಿ ಆರ್ಡಿಸ್‌ಗೆ ಬಲು ಉದ್ದವಾಯಿತು. ಗಂಡ ದಿನವಿಡೀ ಮನೆಯಲ್ಲಿ. ಬ್ರೆಡ್ ಸುಡುವ ಯಂತ್ರದ ಪ್ಲಗ್ಗು ಕೀಳು, ಇಸ್ತ್ರಿಪೆಟ್ಟಿಗೆ ಹಾಗೆ ಇಡಬೇಡ, ಕ್ರಿಸ್‌ಮಸ್ ದೀಪದ ಸರಕ್ಕೆ ಇನ್ನೊಂದು ಸರ ಸಿಕ್ಕಿಸಬೇಡ. ಶಾಲೆಯ ಅಡುಗೆಮನೆಯಲ್ಲಿ ನೂರಾರು ಮಕ್ಕಳಿಗೆ ಊಟ ಬಡಿಸಿ ನಿವೃತ್ತಳಾದ ಆರ್ಡಿಸ್‌ಗೆ ಒಲೆಯ ಮುಂದೆ ನಿಂತು ಪಾಠ ಕೇಳಿ ಅಭ್ಯಾಸವಿರಲಿಲ್ಲ. ಇವನನ್ನು ಏನು ಮಾಡಲಿ ಎಂದು ಅವಳು ತಮ್ಮ ಲೈಲ್‌ನನ್ನು ಕೇಳಿದಳು. ಮನೆಯಲ್ಲೇ ಬಿಯರ್ ಮಾಡುವ ಸಾಮಾನು ತಂದುಕೊಡು ಎಂದ ಲೈಲ್. ಅವನೂ ತನ್ನ ಗ್ಯಾರೇಜಿನಲ್ಲಿ ಮಾಡುತ್ತಿದ್ದ.

“ಅದ್ರಲ್ಲಿ ಬರೀ ಅಳತೆ, ಉಷ್ಣಾಂಶ, ತೊಳೆಯೋದು. ನಿನ್ನ ಗಂಡನಿಗೆ ಹೇಳಿ ಮಾಡಿಸಿದ ಹಾಗಿದೆ. ತಪ್ಪು ಹುಡುಕೋಕೆ ಸಿಗುತ್ತೆ, ಬೈಯೋಕೆ ಯಾರೂ ಸಿಗಲ್ಲ.”

ಲೈಲ್ ಹೇಳಿದಂತೆಯೇ ಆಯಿತು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಲ್ಲಿ ನೆನೆಸಿ, ಆ ಸಿಹಿ ಕಷಾಯವನ್ನು ಹಂಡೆಯಲ್ಲಿ ಕುದಿಸಿ, ಕಹಿಗೆ ಹಾಪ್ಸ್ ಹೂವು ಹಾಕಿ, ಆರಿಸಿ, ಯೀಸ್ಟು ಬೆರೆಸಿ ಮುಚ್ಚಿಡುವ ಕೆಲಸ ಹಾರ್ಲನ್‌ನನ್ನು ಪೂರಾ ಹಿಡಿದುಕೊಂಡಿತು. ಒಂದು ದಿನ ಕಷಾಯ ಉಕ್ಕಿ ಒಲೆಯ ಮೇಲೆಲ್ಲ ಸುರಿದು ಅಂಟಾದಾಗ ಆರ್ಡಿಸ್ ಬೆರಳು ತೋರಿಸಿದಳು, ನೆಲಮಾಳಿಗೆಯ ಕಡೆಗೆ. ಅಲ್ಲಿ ಗ್ಯಾಸಿಲ್ಲ. ಹಾಗಾಗಿ ಹಾರ್ಲನ್ ವಿದ್ಯುತ್ತಿಗೆ ಬಂದ.

ದೊಡ್ಡ ಸ್ಟೀಲಿನ ಹಂಡೆ ತಂದು, ತಳದ ಹತ್ತಿರ ತೂತು ಕೊರೆದು, ಗೀಸರಿನಲ್ಲಿ ಇರುವಂಥ ಹೀಟರ್ ಕಾಯಿಲ್ ಕೂರಿಸಿದ. ಮನೆಯ ಮುಖ್ಯ ಪೆಟ್ಟಿಗೆಯಿಂದ ಹೊಸ ವೈರು ಎಳೆದ, ಅರ್ಥ್ ವೈರಿನ ಸಮೇತ. ನಡುವೆ ಒಂದು ಟ್ರಿಪ್ ಸ್ವಿಚ್ ಇಟ್ಟ. ಹೋದಷ್ಟು ಕರೆಂಟು ಹಾಗೇ ಮರಳಿ ಬರಬೇಕು. ಕೂದಲೆಳೆಯಷ್ಟು ದಾರಿ ತಪ್ಪಿ ಹಂಡೆಗೋ ನೆಲಕ್ಕೋ ಮನುಷ್ಯನ ಮೈಗೋ ಹೋದರೂ ಅದು ಕಣ್ಣು ಮಿಟುಕಿಸುವುದರೊಳಗೆ ಬಿದ್ದು ಕರೆಂಟು ನಿಲ್ಲಿಸುತ್ತದೆ. ಕೆಲಸ ಅಚ್ಚುಕಟ್ಟಾಗಿತ್ತು. ಪರವಾನಗಿ ಮಾತ್ರ ತೆಗೆದುಕೊಂಡಿರಲಿಲ್ಲ.

“ಅರ್ಜಿ ಹಾಕಿದ್ಯಾ?” ಎಂದು ಆರ್ಡಿಸ್ ಕೇಳಿದಳು.

“ಅದೆಲ್ಲ ಗೊತ್ತಿಲ್ಲದೋರಿಗೆ ಇರೋ ಕಾನೂನು” ಎಂದ ಹಾರ್ಲನ್. ಇದೇ ಮಾತನ್ನು ಎಷ್ಟು ಬೂದಿಗುಡ್ಡೆಗಳ ಮೇಲೆ ನಿಂತು ತಾನು ಕೇಳಿಸಿಕೊಂಡಿದ್ದೆ ಎಂಬುದು ಅವನಿಗೆ ಆ ಕ್ಷಣಕ್ಕೆ ನೆನಪಾಗಲಿಲ್ಲ.

ಎಲ್ಲ ಸರಿಯಿತ್ತು, ಬಿಯರ್ ಒಂದನ್ನು ಬಿಟ್ಟು. ಅದು ಸ್ವಚ್ಛವಾಗಿತ್ತು, ತಿಳಿಯಾಗಿತ್ತು, ನೊರೆಯೂ ಬರುತ್ತಿತ್ತು. ರುಚಿ ಮಾತ್ರ ಇರಲಿಲ್ಲ. ಲೈಲ್ ಮೊದಲ ಗುಟುಕು ಕುಡಿದು ಬಹಳ ಹೊತ್ತು ಯೋಚಿಸಿದ.

“ಗ್ಲಾಸು ಚೆನ್ನಾಗಿದೆ” ಎಂದ.

“ಬಿಯರ್ ಹೇಗಿದೆ ಹೇಳೋ.”

“ತಪ್ಪು ಕಂಡುಹಿಡಿಯೋಕೆ ಆಗಲ್ಲ ಹಾರ್ಲನ್. ನಿನ್ನ ವರದಿ ಇದ್ದ ಹಾಗಿದೆ.”

ಎಡವಟ್ಟಾದದ್ದು ವಸಂತದ ಒಂದು ಶನಿವಾರ. ಹಾರ್ಲನ್ ಹಂಡೆಗೆ ಕಷಾಯ ಬಿಡುವ ಮೊದಲೇ ಸ್ವಿಚ್ ಒತ್ತಿಬಿಟ್ಟ. ಕಾರಣ ಫೋನು: ಆಚೆ ಬದಿಯಲ್ಲಿ ಲೈಲ್, ತನ್ನ ಗ್ಯಾರೇಜಿನ ಎಕ್ಸ್‌ಟೆನ್ಷನ್ ವೈರು ಬಿಸಿಯಾಗುತ್ತಿದೆ, ಪರವಾಗಿಲ್ಲವೇ ಎಂದು ಕೇಳುತ್ತಿದ್ದ. ಅವನಿಗೆ ಸುರಕ್ಷತೆಯ ಬಗ್ಗೆ ದೀರ್ಘವಾಗಿ ಬೈಯುತ್ತ ಹಾರ್ಲನ್ ಬೆನ್ನು ತಿರುಗಿಸಿ ನಿಂತಿದ್ದಾಗ, ಹಿಂದೆ ಬರಿಹಂಡೆಯಲ್ಲಿ ಕಾಯಿಲ್ ಕೆಂಡದಂತೆ ಕೆಂಪಾಗಿತ್ತು. ವಾಸನೆ ಬಂದ ಮೇಲೆ ಆರಿಸಿದ. ತಣಿದ ಮೇಲೆ ನೋಡಿದರೆ ಕಪ್ಪಾಗಿತ್ತು, ಅಷ್ಟೇ. ಉಜ್ಜಿ ತೊಳೆದು ಸುಮ್ಮನಾದ. ಕಾಯಿಲಿನ ಹೊರಕವಚದಲ್ಲಿ ಒಂದು ಸಣ್ಣ ಬಿರುಕು ಬಿಟ್ಟದ್ದು ಕಣ್ಣಿಗೆ ಕಾಣುವಂತಿರಲಿಲ್ಲ.

ಮುಂದಿನ ಬಾರಿ ಕಷಾಯ ಕಾಯಲು ಇಟ್ಟಾಗ ಟ್ರಿಪ್ ಸ್ವಿಚ್ ಟಪ್ಪೆಂದು ಬಿತ್ತು. ಎತ್ತಿದ. ಸ್ವಲ್ಪ ಹೊತ್ತು ನಿಂತು ಮತ್ತೆ ಬಿತ್ತು. ಹಾರ್ಲನ್ ಕ್ರಮವಾಗಿ ಹುಡುಕಿದ: ಕಷಾಯ ತಿರುಗಿಸುವ ಪಂಪಿನ ಪ್ಲಗ್ಗು ತೆಗೆದು ನೋಡಿದ, ಬಿತ್ತು. ಉಷ್ಣಾಂಶದ ಪೆಟ್ಟಿಗೆ ಬಿಚ್ಚಿ ಒಳಗೆ ತೇವ ಇದೆಯೇ ಎಂದು ಕೂದಲು ಒಣಗಿಸುವ ಯಂತ್ರದಿಂದ ಗಾಳಿ ಬಿಟ್ಟ, ಬಿತ್ತು. ವೈರಿನ ತುದಿಗಳನ್ನು ಬಿಗಿ ಮಾಡಿದ, ಬಿತ್ತು. ಉಳಿದದ್ದು ಕಾಯಿಲ್ ಒಂದೇ. ಅದನ್ನು ಬಿಚ್ಚಬೇಕಾದರೆ ಹಂಡೆ ತುಂಬ ಇರುವ ಕಷಾಯವನ್ನು ಚೆಲ್ಲಬೇಕು. ಬೆಳಗಿನಿಂದ ಮಾಡಿದ ಕೆಲಸ.

ಇಂಟರ್‌ನೆಟ್ಟಿನಲ್ಲಿ ನೋಡಿದ. ಹೆಸರಿಲ್ಲದ ಹಲವರು ಬರೆದಿದ್ದರು: ಈಗಿನ ಟ್ರಿಪ್ ಸ್ವಿಚ್ಚುಗಳು ಅತಿ ಸೂಕ್ಷ್ಮ, ಸುಮ್ಮಸುಮ್ಮನೆ ಬೀಳುತ್ತವೆ, ತಲೆ ಕೆಡಿಸಿಕೊಳ್ಳಬೇಡಿ. ಮನುಷ್ಯ ತನಗೆ ಬೇಕಾದ ಮಾತು ಸಿಗುವವರೆಗೆ ಹುಡುಕುತ್ತಾನೆ, ಸಿಕ್ಕ ಮೇಲೆ ಅದನ್ನು ತಜ್ಞರ ಅಭಿಪ್ರಾಯ ಎನ್ನುತ್ತಾನೆ. ನೆಲಮಾಳಿಗೆಯ ಇನ್ನೊಂದು ಗೋಡೆಯಲ್ಲಿ ಬಟ್ಟೆ ಒಣಗಿಸುವ ಯಂತ್ರದ ಹಳೆಯ ಸಾಕೆಟ್ಟಿತ್ತು, ಅಜ್ಜನ ಕಾಲದ್ದು. ಅರ್ಥ್ ವೈರಿಲ್ಲ, ಟ್ರಿಪ್ ಸ್ವಿಚ್ಚಿಲ್ಲ, ಯಾವ ಪ್ರಶ್ನೆಯನ್ನೂ ಕೇಳದೆ ಕರೆಂಟು ಕೊಡುತ್ತಿತ್ತು. ಹಾರ್ಲನ್ ಬಟ್ಟೆ ಯಂತ್ರದ ಪ್ಲಗ್ಗು ಕಿತ್ತು, ಹಂಡೆಯದನ್ನು ಅಲ್ಲಿಗೆ ಸಿಕ್ಕಿಸಿದ.

“ಇವತ್ತೊಂದು ದಿನ” ಎಂದು ಗಟ್ಟಿಯಾಗಿ ಹೇಳಿಕೊಂಡ. ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ.

ಕಷಾಯ ಕುದಿಯಿತು. ಕಾಯಿಲಿನ ಬಿರುಕಿನ ಸುತ್ತ ಸಕ್ಕರೆ ಸುಟ್ಟು ಕರಿಕಟ್ಟಿ, ನಿಧಾನವಾಗಿ ಕಷಾಯಕ್ಕೆ ಹೊಗೆಯ ವಾಸನೆ ಹತ್ತಿತು.

ವಾರಗಳ ಮೇಲೆ ಬಾಟಲಿ ತೆರೆದಾಗ ಲೈಲ್ ಒಂದು ಗುಟುಕು ಕುಡಿದು, ಗ್ಲಾಸು ಕೆಳಗಿಟ್ಟು, ಅಕ್ಕನ ಗಂಡನ ಮುಖವನ್ನು ಮೊದಲ ಬಾರಿ ನೋಡುತ್ತಿರುವವನಂತೆ ನೋಡಿದ.

“ಇದೇನೋ ಇದು!”

“ಸ್ವಲ್ಪ ಸೀದ ವಾಸನೆ. ಚೆಲ್ತೀನಿ.”

“ಚೆಲ್ಲಿದ್ರೆ ನಿನ್ನನ್ನ ಕೊಲ್ತೀನಿ. ಹೊಗೆ ಕಣೋ! ಜರ್ಮನ್ನರು ಹೊಗೆ ಹಾಕಿದ ಬಾರ್ಲೀಲಿ ಮಾಡ್ತಾರಲ್ಲ, ಆ ಬಿಯರ್. ನನ್ನಜ್ಜನ ಮಾಂಸ ಒಣಗಿಸೋ ಕೋಣೆ ನೆನಪಾಗ್ತಿದೆ.”

ಲೈಲ್ ಒಂದಿಷ್ಟು ಬಾಟಲಿ ಹೊತ್ತುಕೊಂಡು ಹೋದ. ಜಿಲ್ಲೆಯ ಬೇಸಗೆ ಮೇಳದಲ್ಲಿ, ಹಂದಿಗಳ ಸ್ಪರ್ಧೆಗೂ ಕಂಬಳಿ ಹೊಲಿಗೆಯ ಸ್ಪರ್ಧೆಗೂ ನಡುವೆ, ಬಿಯರ್ ಸ್ಪರ್ಧೆಯಿತ್ತು. ಹಾರ್ಲನ್‌ಗೆ ಹೇಳದೆ ಹೊಗೆಯ ಬಿಯರಿನ ವಿಭಾಗಕ್ಕೆ ಸೇರಿಸಿದ. ಮೊದಲ ಬಹುಮಾನ ಬಂತು. ದಪ್ಪ ಮೀಸೆಯ ತೀರ್ಪುಗಾರ ಹಾರ್ಲನ್‌ನ ಕೈಹಿಡಿದು ಕುಲುಕಿ, ಜನರೆಲ್ಲ ಕೇಳುವಂತೆ ಕೇಳಿದ: “ಎಷ್ಟು ಹದವಾಗಿ ಕೂತಿದೆ ಸ್ವಾಮಿ ಹೊಗೆ! ಯಾವ ಮರ?”

ಹಾರ್ಲನ್ ಬಾಯಿ ತೆರೆದ. ಸುಟ್ಟ ಕಾಯಿಲ್ ಎಂದು ಹೇಳಬೇಕೆಂದೇ ತೆರೆದದ್ದು. ಎದುರಿಗೆ ನೆರೆದವರಲ್ಲಿ ಅವನಿಂದ ಆಗುವುದಿಲ್ಲ ಎನ್ನಿಸಿಕೊಂಡ ಮುಖಗಳು ಎಷ್ಟೋ ಇದ್ದವು. ಅವರೆಲ್ಲ ಈಗ ಚಪ್ಪಾಳೆ ತಟ್ಟುತ್ತಿದ್ದರು. ಇಷ್ಟು ವರ್ಷಗಳಲ್ಲಿ ಆ ಊರು ಅವನಿಗೆ ಚಪ್ಪಾಳೆ ತಟ್ಟಿದ್ದು ಅದೇ ಮೊದಲು.

“ಸೇಬಿನ ಮರ” ಎಂದ.

ಒಂದು ಸುಳ್ಳಿಗೆ ಸೌದೆ ಬೇಕಾಯಿತು. ಮರುವಾರ ಊರಿನಲ್ಲಿ ಬಿಯರ್ ಮಾಡುವವರ ಕೂಟದವರು ಮನೆ ಕಡೆ ಬಂದು ಇಣುಕಿದರು. ಹಾರ್ಲನ್ ಹಿತ್ತಲಿನ ಮುದಿ ಸೇಬಿನ ಮರದ ಒಂದು ದೊಡ್ಡ ಕೊಂಬೆ ಕಡಿದು, ಸೀಳಿ, ಎಲ್ಲರಿಗೂ ಕಾಣುವಂತೆ ಗ್ಯಾರೇಜಿನ ಪಕ್ಕ ಒಟ್ಟಿದ. ಆರ್ಡಿಸ್ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು. ಆ ಕೊಂಬೆಯ ಸೇಬುಗಳಲ್ಲೇ ಅವಳು ಪ್ರತಿ ವರ್ಷ ಕಡುಬು ಮಾಡುತ್ತಿದ್ದದ್ದು.

ಹಾರ್ಲನ್ ಒಳ್ಳೆಯ ದಾರಿಗೆ ಬರಲು ನೋಡಲಿಲ್ಲವೆಂದಲ್ಲ. ಹೊಸ ಕಾಯಿಲ್ ತಂದು ಹಾಕಿ, ಟ್ರಿಪ್ ಸ್ವಿಚ್ಚಿನ ಮೂಲಕವೇ ಕುದಿಸಿದ. ಒಂದು ಸಾರಿಯೂ ಬೀಳಲಿಲ್ಲ. ಬಿಯರ್ ಹಳೆಯ ಬಿಯರೇ ಆಯಿತು. ಹೊಗೆ ಹಾಕಿದ ಬಾರ್ಲಿಯನ್ನೇ ಅಂಗಡಿಯಿಂದ ತಂದು ನೋಡಿದ. ಅದು ಹಂದಿಮಾಂಸದ ಸಾರಿನ ಹಾಗಾಯಿತು. ಕೊನೆಗೆ ಒಂದು ದಿನ ಕಸದ ಡಬ್ಬಿಯ ಪಕ್ಕದಿಂದ ಹಳೆಯ ಕಾಯಿಲನ್ನು ಎತ್ತಿ ತಂದು ಮತ್ತೆ ಕೂರಿಸಿ, ಪ್ಲಗ್ಗನ್ನು ಹಳೆಯ ಸಾಕೆಟ್ಟಿಗೆ ಸಿಕ್ಕಿಸಿದ.

ತಪ್ಪು ಕಾಯಿಲಿನದೇ ಎಂದು ಈಗ ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಮುನ್ನೆಚ್ಚರಿಕೆ ವಹಿಸಿದ. ಮೊಣಕಾಲವರೆಗೆ ಬರುವ ರಬ್ಬರ್ ಬೂಟು. ನೆಲಕ್ಕೆ ರಬ್ಬರ್ ಹಾಸು. ಕಷಾಯ ಕದಡಲು ಮರದ ಸೌಟು. ಹಂಡೆಯನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ. ಬಿಯರ್ ಮಾಡುವ ದಿನ ಮೆಟ್ಟಿಲ ಬಾಗಿಲಿಗೆ ಹಳದಿ ಪಟ್ಟಿ. ಯಾರದಾದರೂ ಮನೆಯಲ್ಲಿ ಇಷ್ಟೆಲ್ಲ ಏರ್ಪಾಡು ಕಂಡಿದ್ದರೆ ಅವನು ಕೇಳುತ್ತಿದ್ದದ್ದು ಒಂದೇ ಮಾತು: ಇಷ್ಟು ಮಾಡುವ ಬದಲು ಕಾಯಿಲ್ ಬದಲಾಯಿಸಬಾರದಿತ್ತೇ? ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬ ಮಾತು ಬದನೆಕಾಯಿ ತಿನ್ನದವರ ಊರಿಗೂ ಸಲ್ಲುತ್ತದೆ.

“ಈ ಪಟ್ಟಿ ಯಾತಕ್ಕೆ?” ಎಂದಳು ಆರ್ಡಿಸ್.

“ಸುರಕ್ಷತೆಗೆ.”

“ನಿನ್ನ ಬಿಯರ್‌ಗೋ ನನಗೋ?”

“ಇಬ್ಬರಿಗೂ. ನಾನು ಮೇಲೆ ಬರೋ ತನಕ ಇಳೀಬೇಡ.”

ಬಿಯರ್ ಆಗುವ ಶನಿವಾರವೇ ಅವಳ ಬಟ್ಟೆ ಒಗೆಯುವ ದಿನ. ಆರ್ಡಿಸ್ ಕೆಲವು ವಾರ ಇಳಿಯಲಿಲ್ಲ. ಬಟ್ಟೆ ರಾಶಿ ಬಿತ್ತು. ಶರತ್ಕಾಲದ ಒಂದು ಶನಿವಾರ, ಮರುದಿನ ಚರ್ಚಿನಲ್ಲಿ ಮೊಮ್ಮಗಳ ನಾಮಕರಣ, ಮೇಜುಬಟ್ಟೆಗಳೆಲ್ಲ ಕೊಳೆ. ಹಾರ್ಲನ್ ಅಂಚೆ ತರಲೆಂದು ರಸ್ತೆಯ ಡಬ್ಬಿಯ ತನಕ ಹೋಗಿದ್ದ. ಅಲ್ಲಿ ಪಕ್ಕದ ಮನೆಯವನು ಸಿಕ್ಕಿ, ಸೇಬಿನ ಮರದ ಹೊಗೆಯ ಗುಟ್ಟೇನೆಂದು ಕೇಳಿ, ಇವನು ನಿಂತು ವಿವರಿಸುತ್ತಿದ್ದ. ಆರ್ಡಿಸ್ ಹಳದಿ ಪಟ್ಟಿಯನ್ನು ಎತ್ತಿ, ಕೆಳಗೆ ಬಗ್ಗಿ, ನೆನೆಸಿಟ್ಟಿದ್ದ ಬಟ್ಟೆಗಳ ಬುಟ್ಟಿ ಹೊತ್ತು ಇಳಿದಳು.

ಬಟ್ಟೆ ಒಗೆಯುವ ಯಂತ್ರ ಹಂಡೆಗೆ ಒಂದು ತೋಳಿನ ದೂರದಲ್ಲಿತ್ತು. ಆರ್ಡಿಸ್ ಬುಟ್ಟಿಯಿಂದ ಒದ್ದೆ ಮೇಜುಬಟ್ಟೆಗಳನ್ನು ಎತ್ತಿಕೊಳ್ಳುತ್ತ ಎಡಗೈಯನ್ನು ಯಂತ್ರದ ಲೋಹದ ಅಂಚಿಗೆ ಊರಿದಳು. ಹಂಡೆಯಲ್ಲಿ ನೊರೆ ಉಕ್ಕುವುದು ಕಂಡಿತು. ಜೀವಮಾನವಿಡೀ ಅಡುಗೆ ಮಾಡಿದವಳು. ಉಕ್ಕುವುದನ್ನು ನೋಡುತ್ತ ನಿಲ್ಲುವ ಕೈಯಲ್ಲ ಅದು. ಬಲಗೈ ತಾನಾಗಿ ಹೋಗಿ ಹಂಡೆಯ ಹಿಡಿಯನ್ನು ಹಿಡಿಯಿತು.

ಹಾರ್ಲನ್‌ಗೆ ಕೇಳಿಸಿದ್ದು ಕೂಗಲ್ಲ. ಬುಟ್ಟಿ ಬಿದ್ದ ಸದ್ದು, ಆಮೇಲೆ ಏನೂ ಇಲ್ಲ. ತೆರೆದಿದ್ದ ನೆಲಮಾಳಿಗೆಯ ಗಾಳಿಕಿಂಡಿಯಿಂದ ಬಂದ ಆ ಮೌನಕ್ಕೆ ಅವನು ಅಂಚೆಯನ್ನೆಲ್ಲ ಹುಲ್ಲಿನ ಮೇಲೆ ಬಿಟ್ಟು ಓಡಿದ. ಓಡುವಾಗ ಒಂದು ಒಳ್ಳೆಯ ಕೆಲಸ ಮಾಡಿದ: ಅವಳ ಬಳಿಗೆ ಹೋಗದೆ ಮೊದಲು ಮುಖ್ಯ ಪೆಟ್ಟಿಗೆಗೆ ಹೋಗಿ ಇಡೀ ಮನೆಯ ಕರೆಂಟು ತೆಗೆದ. ಕತ್ತಲಾದ ನೆಲಮಾಳಿಗೆಯಲ್ಲಿ ಆರ್ಡಿಸ್ ನೆಲದ ಮೇಲೆ, ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ಕಾಲು ಜಾರಿ ಬಿದ್ದದ್ದರಿಂದ ಕೈ ಬಿಟ್ಟಿತ್ತು. ಒದ್ದೆ ಬಟ್ಟೆಯ ಮೇಲೆ ಕಾಲು ಜಾರಿದ್ದು ಅವಳ ಪುಣ್ಯ.

“ಆರ್ಡಿಸ್! ಆರ್ಡಿಸ್, ಮಾತಾಡು!”

ಅವಳು ತನ್ನ ಎರಡು ಕೈಗಳನ್ನು ಯಾರದೋ ವಸ್ತುಗಳಂತೆ ತೊಡೆಯ ಮೇಲೆ ಇಟ್ಟುಕೊಂಡು ನೋಡುತ್ತಿದ್ದಳು. “ಕಚ್ಚಿ ಹಿಡ್ಕೊಂಡಿತ್ತು” ಎಂದಳು. “ಬಿಡ್ಲಿಲ್ಲ ಹಾರ್ಲನ್. ನಾನು ಬಿಡ್ತೀನಿ ಅಂದ್ರೂ ಕೈ ಕೇಳ್ಲಿಲ್ಲ.”

ಹಾರ್ಲನ್ ಅವಳ ಪಕ್ಕದಲ್ಲಿ ಮಂಡಿಯೂರಿದ. ಅವನ ಕಾಲಲ್ಲಿ ರಬ್ಬರ್ ಬೂಟಿತ್ತು. ಅವಳದು ಮನೆಯಲ್ಲಿ ಹಾಕುವ ಬಟ್ಟೆಯ ಚಪ್ಪಲಿ, ನೀರಲ್ಲಿ ತೊಯ್ದದ್ದು.

ಆಸ್ಪತ್ರೆಯಲ್ಲಿ ಎದೆಗೆ ತಂತಿಗಳನ್ನು ಅಂಟಿಸಿ ಹೃದಯ ನೋಡಿದರು. ಬಡಿತ ಸರಿಯಿತ್ತು. ಅಂಗೈಯಲ್ಲಿ ಕಾಳಿನಷ್ಟು ದೊಡ್ಡ ಸುಟ್ಟ ಗುರುತು. ಇವತ್ತು ಇಲ್ಲೇ ಇರಲಿ ಎಂದ ವೈದ್ಯ, ಬರೆದುಕೊಳ್ಳಲು ಕೇಳಿದ: “ಯಾತರಿಂದ ಆಯ್ತು ಇದು?”

ಹಾರ್ಲನ್ ಬಾಯಿ ತೆರೆಯುವ ಮೊದಲೇ ಹಾಸಿಗೆಯಿಂದ ದನಿ ಬಂತು.

“ಸೇಬಿನ ಮರದಿಂದ” ಎಂದಳು ಆರ್ಡಿಸ್.

ಮರುದಿನ ಮನೆಗೆ ಬಂದವಳೇ ರೊಕ್ಸಾನ್ ಕ್ರಾಲ್‌ಗೆ ಫೋನು ಮಾಡಿದಳು. ಊರಿನಲ್ಲಿ ಬೇರೆ ಎಲೆಕ್ಟ್ರಿಷಿಯನ್ನರೂ ಇದ್ದರು. ಕ್ಯಾಸ್ ಕ್ರಾಲ್‌ನ ಮಗಳನ್ನೇ ಏಕೆ ಕರೆಸಿದೆ ಎಂದು ಕೇಳುವ ಧೈರ್ಯ ಹಾರ್ಲನ್‌ಗೆ ಇರಲಿಲ್ಲ.

ರೊಕ್ಸಾನ್ ಸೋಮವಾರ ಬಂದಳು. ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಊರೆಲ್ಲ ಹಾರ್ಲನ್ ಎಂದು ಕರೆದರೆ ಇವಳೊಬ್ಬಳು ಮಿಸ್ಟರ್ ಟೀಡೆಮನ್ ಎನ್ನುತ್ತಿದ್ದಳು. ಅದು ಗೌರವವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ವೈರು ಎಳೆದೋರು ಯಾರು ಎಂಬ ಪ್ರಶ್ನೆಗೆ ಹಾರ್ಲನ್ ಬೆಳಗಿನಿಂದ ಉತ್ತರ ಹೊಂದಿಸಿಕೊಳ್ಳುತ್ತಿದ್ದ. ಅವಳು ಅದನ್ನು ಕೇಳಲೇ ಇಲ್ಲ. ಮೆಟ್ಟಿಲಿಳಿದು ಸುತ್ತ ನೋಡಿ ಬೇರೆಯದನ್ನು ಕೇಳಿದಳು.

“ಈ ಬೂಟು ಯಾತಕ್ಕೆ ಮಿಸ್ಟರ್ ಟೀಡೆಮನ್? ಇಲ್ಲಿ ನೀರು ನುಗ್ಗುತ್ತಾ?”

“ಇಲ್ಲ.”

“ಮತ್ತೆ?”

“ಬಿಯರ್ ಮಾಡೋವಾಗ ಹಾಕ್ಕೊಳ್ತೀನಿ.”

ರೊಕ್ಸಾನ್ ಬೂಟನ್ನು ನೋಡಿದಳು, ಹಾಸನ್ನು ನೋಡಿದಳು, ಮರದ ಸೌಟನ್ನು ನೋಡಿದಳು. “ಹಾಗಾದ್ರೆ ನಿಮಗೆ ಗೊತ್ತಿತ್ತು” ಎಂದಳು. ಪ್ರಶ್ನೆಯಾಗಿದ್ದರೆ ಏನಾದರೂ ಹೇಳಬಹುದಿತ್ತು.

ಅವಳು ಕೆಲಸಕ್ಕೆ ಕೂತಳು. ಪ್ಲಗ್ಗು ಕಿತ್ತು, ಕರೆಂಟು ಇಲ್ಲವೆಂದು ಮೀಟರಿನಲ್ಲಿ ಖಚಿತ ಮಾಡಿಕೊಂಡು, ಕಾಯಿಲಿನ ತುದಿಗೂ ಹಂಡೆಯ ಮೈಗೂ ಮೀಟರಿನ ಕಡ್ಡಿ ಹಿಡಿದಳು. ಎರಡರ ನಡುವೆ ದಾರಿಯೇ ಇರಬಾರದು. ಇತ್ತು.

“ನೋಡಿ. ಕಾಯಿಲ್ ಒಡೆದು ಒಳಗಿನ ತಂತಿಗೆ ಕಷಾಯ ತಾಗಿದೆ. ಅಲ್ಲಿಂದ ಹಂಡೆಗೆ. ಈ ಹಳೇ ಸಾಕೆಟ್ಟಲ್ಲಿ ಅರ್ಥ್ ಇಲ್ಲ, ಹಾಗಾಗಿ ಕರೆಂಟು ಹಂಡೇಲೇ ಕಾಯ್ತಾ ಕೂತಿರುತ್ತೆ, ಯಾರಾದ್ರೂ ದಾರಿ ಕೊಡ್ಲಿ ಅಂತ. ನಿಮ್ಮ ಮನೆಯೋರ ಒಂದು ಕೈ ಇಲ್ಲಿ, ಇನ್ನೊಂದು ಕೈ ಒಗೆಯೋ ಮಷೀನ್ ಮೇಲೆ. ಅದಕ್ಕೆ ಅರ್ಥ್ ಇದೆ. ಎದೆ ನಡುವೇನೇ ದಾಟಿ ಹೋಗಿದೆ.”

“ಪೆಟ್ಟಿಗೇಲಿರೋ ಬ್ರೇಕರ್...” ಎಂದು ಹಾರ್ಲನ್ ಏನೋ ಹೇಳಹೊರಟ.

“ಅದಿರೋದು ವೈರು ಸುಡದ ಹಾಗೆ ನೋಡೋಕೆ. ಮನುಷ್ಯ ಸಾಯೋಕೆ ಬೇಕಾದಷ್ಟು ಕರೆಂಟು ಅದರ ಲೆಕ್ಕಕ್ಕೇ ಬರಲ್ಲ. ನಿಮಗೆ ಗೊತ್ತಿಲ್ದೇ ಇರೋದಾ?”

ಅವಳು ಎದ್ದು ಹೊಸ ವೈರಿನ ಕೊನೆಯ ಟ್ರಿಪ್ ಸ್ವಿಚ್ಚನ್ನು ಒತ್ತಿ, ಎತ್ತಿ, ಪರೀಕ್ಷಿಸಿದಳು. “ಇದು ಸರಿಯಾಗೇ ಇದೆ. ಈ ನೆಲಮಾಳಿಗೇಲಿ ನಿಯತ್ತಾಗಿ ಕೆಲಸ ಮಾಡ್ತಿದ್ದದ್ದು ಇದೊಂದೇ. ಇದನ್ನೇ ನೀವು ಕೆಲಸದಿಂದ ತೆಗೆದ್ರಿ.”

ಆಮೇಲೆ ಸಾಮಾನು ಜೋಡಿಸುತ್ತ, ತಿರುಗಿ ನೋಡದೆ ಹೇಳಿದಳು: “ಅಪ್ಪನ ಶೆಡ್ಡು ನೆನಪಿದೆಯಾ?”

“ಇದೆ. ಕೋಳಿಮರಿ ದೀಪ.”

“ಆ ವೈರು ಎಳೆದದ್ದು ಅಪ್ಪ ಅಲ್ಲ, ನಾನು. ಆಗ ಹೈಸ್ಕೂಲಲ್ಲಿದ್ದೆ. ಅಪ್ಪ ನೀವು ಕೇಳಿದ ತಕ್ಷಣ ‘ನಾನೇ’ ಅಂದ.”

“ನಾನು ಬರೆದದ್ದು ತಪ್ಪಾಗಿತ್ತಾ?” ಎಂದ ಹಾರ್ಲನ್.

“ತಪ್ಪಾಗಿದ್ರೆ ನನಗೆ ಈ ಸಿಟ್ಟು ಇರ್ತಿರಲಿಲ್ಲ” ಎಂದಳು ರೊಕ್ಸಾನ್. “ಪುರಸಭೆಗೆ ಹೋಗಿ ಪರವಾನಗಿ ತೆಗೊಂಡು ಬನ್ನಿ. ಅದಿಲ್ದೇ ನಾನು ಒಂದು ಸ್ಕ್ರೂ ಕೂಡ ತಿರುಗಿಸಲ್ಲ.”

ಹಾರ್ಲನ್ ಸಾಲಿನಲ್ಲಿ ನಿಂತ. ಕೌಂಟರಿನ ಆಚೆ ಕೂತಿದ್ದ ಪರಿಶೀಲಕ ಒಂದು ಕಾಲದಲ್ಲಿ ಹಾರ್ಲನ್‌ನಿಂದಲೇ ಬೂದಿ ಕೆದಕುವುದು ಕಲಿತವನು. ಮನೆಗೆ ಬಂದು, ರೊಕ್ಸಾನ್ ಮಾಡಿದ ಹೊಸ ಕೆಲಸವನ್ನೆಲ್ಲ ಒಪ್ಪಿ, ಹಾರ್ಲನ್ ಹಿಂದೆ ತಾನೇ ಎಳೆದಿದ್ದ ವೈರಿನ ಒಂದು ಕೊಂಡಿ ಗೋಡೆಗೆ ಸರಿಯಾಗಿ ಹೊಡೆದಿಲ್ಲ ಎಂದು ತಲೆ ಅಲ್ಲಾಡಿಸಿದ. ಬಹಳ ವಿನಯದಿಂದ ಅಲ್ಲಾಡಿಸಿದ. ಎರಡನೆಯ ಸಾರಿ ಬಂದಾಗ ಸಹಿ ಹಾಕಿದ.

ಉಳಿದದ್ದು ಸುಳ್ಳು. ಶುಕ್ರವಾರ ರಾತ್ರಿ ಬಾರಿನಲ್ಲಿ ಮೀನಿನ ಊಟಕ್ಕೆ ಬಿಯರ್ ಕೂಟದವರೆಲ್ಲ ಸೇರುತ್ತಿದ್ದರು. ಹಾರ್ಲನ್ ಎದ್ದು ನಿಂತು, ಬ್ರಾಂಡಿಯ ಗ್ಲಾಸನ್ನು ಮೇಜಿಗೆ ತಟ್ಟಿ, ನಡೆದದ್ದನ್ನೆಲ್ಲ ಹೇಳಿದ. ಮರ ಇಲ್ಲ, ಹೊಗೆ ಇಲ್ಲ, ಒಡೆದ ಕಾಯಿಲಿನ ಮೇಲೆ ಸಕ್ಕರೆ ಸೀದದ್ದು, ಅದಕ್ಕಾಗಿ ಟ್ರಿಪ್ ಸ್ವಿಚ್ ತಪ್ಪಿಸಿದೆ, ಆರ್ಡಿಸ್ ಸಾಯುವುದರಲ್ಲಿದ್ದಳು. ಮುಗಿದ ಮೇಲೆ ಮೂಲೆಯಿಂದ ಒಬ್ಬ ನಗತೊಡಗಿದ.

“ಮುದುಕ ಗುಟ್ಟು ಬಿಟ್ಕೊಡಲ್ಲ ನೋಡ್ರೋ!”

“ಹೆಂಡ್ತಿ ಹೆಸರು ಬೇರೆ ಎಳೀತಾನೆ!”

“ಹಾರ್ಲನ್ ಟೀಡೆಮನ್ ಅರ್ಥ್ ಇಲ್ದೇ ಇರೋ ಸಾಕೆಟ್ಟಿಗೆ ಪ್ಲಗ್ ಹಾಕಿದ್ನಂತೆ! ಪಾದ್ರಿ ಹಂದಿ ಕದ್ದ ಅಂದ್ರೂ ನಂಬೇನು.”

ಯಾರೂ ನಂಬಲಿಲ್ಲ. ಜೀವಮಾನವಿಡೀ ಸಂಪಾದಿಸಿದ ಮರ್ಯಾದೆ ಅಡ್ಡ ನಿಂತಿತು. ನಂಬಿದವನು ಒಬ್ಬನೇ, ಅಕ್ಕನ ಅಂಗೈಯ ಗುರುತು ಕಂಡಿದ್ದ ಲೈಲ್. ಅವನು ನಗಲಿಲ್ಲ. ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಮೆಲ್ಲಗೆ ಕೇಳಿದ: “ನೀರಿಲ್ದೇ ಎಷ್ಟು ಹೊತ್ತು ಉರೀತು ಅದು?”

ಹಾರ್ಲನ್‌ಗೆ ಆ ಪ್ರಶ್ನೆ ಅರ್ಥವಾದದ್ದು ಮನೆಗೆ ಹೋದ ಮೇಲೆ. ಮರುದಿನ ಬೆಳಿಗ್ಗೆ ಎದ್ದವನೇ ಲೈಲ್‌ನ ಗ್ಯಾರೇಜಿಗೆ ಗಾಡಿ ಓಡಿಸಿದ. ಲೈಲ್ ಹಂಡೆಯ ಮುಂದೆ ನಿಂತಿದ್ದ. ಒಳಗೆ ಕಾಯಿಲ್ ಆಗಲೇ ಕಪ್ಪು, ಕಷಾಯ ಬಿಸಿಯಾಗುತ್ತಿತ್ತು, ಎಕ್ಸ್‌ಟೆನ್ಷನ್ ವೈರು ಹಾವಿನಂತೆ ಸುತ್ತಿಕೊಂಡು ಬಿದ್ದಿತ್ತು. ಸಿಮೆಂಟು ನೆಲ ಒದ್ದೆ.

“ಆರಿಸು.”

“ನೀನು ಗೆಲ್ಲಬಹುದು, ನಾನು ಗೆಲ್ಲಬಾರದಾ?” ಎಂದ ಲೈಲ್. “ನೋಡು, ಬೂಟು ಹಾಕ್ಕೊಂಡಿದೀನಿ.”

“ಲೈಲ್, ನಿನ್ನಕ್ಕನ್ನ ನಾನು ನೆಲದ ಮೇಲೆ ನೋಡಿದೀನಿ.”

“ನನಗೆ ಹೆಂಡ್ತೀನೂ ಇಲ್ಲ, ಬಟ್ಟೆ ಒಗೆಯೋ ಮಷೀನೂ ಇಲ್ಲ. ನಾನೊಬ್ನೇ. ಜವಾಬ್ದಾರಿ ನಂದು.”

ಹಾರ್ಲನ್ ವಾದ ಮಾಡಲಿಲ್ಲ. ಗೋಡೆಯ ಪೆಟ್ಟಿಗೆಗೆ ಹೋಗಿ ಕರೆಂಟು ತೆಗೆದ, ಪ್ಲಗ್ಗು ಕಿತ್ತ, ಕಷಾಯವನ್ನು ಚರಂಡಿಗೆ ಬಿಟ್ಟ. ಲೈಲ್ ಕಿರುಚುತ್ತಿರುವಾಗಲೇ ಸ್ಪ್ಯಾನರ್ ಹಿಡಿದು ಬಿಸಿ ಕಾಯಿಲನ್ನು ಬಿಚ್ಚಿ, ಕೈಗೆ ಕೋಟಿನ ತೋಳು ಸುತ್ತಿಕೊಂಡು ಎತ್ತಿದ.

“ಎಷ್ಟು ದಿನದಿಂದ ಇಂಥ ಖುಷಿಗೆ ಕಾಯ್ತಿದ್ಯೋ! ಇಷ್ಟು ವರ್ಷ ಸುಟ್ಟ ಮೇಲೆ ಬಂದು ಆಗಲ್ಲ ಅಂತಿದ್ದೆ, ಈಗ ಸುಡೋ ಮೊದಲೇ ಬರ್ತಿದೀಯಾ?” ಎಂದು ಬೈದ ಲೈಲ್.

“ಹೌದು” ಎಂದ ಹಾರ್ಲನ್. ಹಾಗೆ ಅಂದುಕೊಂಡು ಬಂದಿರಲಿಲ್ಲ. ಬೈಗುಳದಲ್ಲಿ ಕೇಳಿದ ಮೇಲೆ ಸರಿ ಎನ್ನಿಸಿತು.

ಜಿಂಕೆ ಬೇಟೆಯ ಕಾಲ ಬರುವವರೆಗೆ ಲೈಲ್ ಮಾತು ಬಿಟ್ಟಿದ್ದ. ಆಮೇಲೆ ಮಾಂಸ ಹಂಚಿಕೊಳ್ಳಲು ಬಂದ, ಹಾರ್ಲನ್‌ನ ಬಿಯರ್ ಕುಡಿದ, ಗ್ಲಾಸಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಮುಂದಿನ ಬೇಸಗೆಯ ಮೇಳದಲ್ಲಿ ಹಾರ್ಲನ್ ತಾನೇ ಹೋಗಿ ಸಾದಾ ಬಿಯರಿನ ವಿಭಾಗಕ್ಕೆ ಒಂದು ಬಾಟಲಿ ಕೊಟ್ಟ. ಮೀಸೆಯ ತೀರ್ಪುಗಾರ ಕುಡಿದು, ನೆನಪು ಮಾಡಿಕೊಂಡು, ಮರುಕದಿಂದ ಕೇಳಿದ: “ಸೇಬಿನ ಮರ ಮುಗೀತಾ?”

ಶನಿವಾರಗಳಲ್ಲಿ ಈಗ ನೆಲಮಾಳಿಗೆಯಲ್ಲಿ ಬಿಯರೂ ಆಗುತ್ತದೆ, ಬಟ್ಟೆಯೂ ಆಗುತ್ತದೆ. ರೊಕ್ಸಾನ್ ಹಳೆಯ ಸಾಕೆಟ್ಟನ್ನು ಕಿತ್ತು ಎರಡಕ್ಕೂ ಬೇರೆ ಬೇರೆ ದಾರಿ ಮಾಡಿದ್ದಾಳೆ. ಹಂಡೆಯನ್ನು ಮುಟ್ಟಿದರೆ ಬಿಸಿ ತಾಗುತ್ತದೆ, ಅಷ್ಟೇ. ಹಾರ್ಲನ್ ಕಷಾಯ ಕದಡುತ್ತಾನೆ, ಆರ್ಡಿಸ್ ಪಕ್ಕದಲ್ಲಿ ಬಟ್ಟೆ ಹಾಕುತ್ತಾಳೆ, ಮೊಮ್ಮಗಳ ಸುದ್ದಿ ಹೇಳುತ್ತಾಳೆ, ನಗುತ್ತಾಳೆ. ಯಂತ್ರವನ್ನು ಮುಟ್ಟುವಾಗ ಮಾತ್ರ ಇನ್ನೊಂದು ಕೈಯನ್ನು ಏಪ್ರನ್ನಿನ ಜೇಬಿನೊಳಗೆ ಇಟ್ಟುಕೊಳ್ಳುತ್ತಾಳೆ. ಹಾಗೆ ಮಾಡುತ್ತಿದ್ದೇನೆಂದು ಅವಳಿಗೆ ಗೊತ್ತಿರುವಂತಿಲ್ಲ. ಹಾರ್ಲನ್ ಪ್ರತಿ ವಾರ ನೋಡುತ್ತಾನೆ. ಅರ್ಥ್ ಇದೆ, ಸ್ವಿಚ್ ಇದೆ, ಪರವಾನಗಿಯೂ ಇದೆ, ಹೆದರಬೇಡ ಎಂದು ಹೇಳಬಹುದು. ಹೇಳುವುದಿಲ್ಲ. ತಾನು ಹೇಳಿದ್ದನ್ನು ಆ ಕೈ ಯಾಕೆ ನಂಬಬೇಕು ಎನ್ನಿಸಿ, ಕುದಿಯುವ ಹಂಡೆಯ ಕಡೆ ತಿರುಗಿ ನೊರೆ ತೆಗೆಯುತ್ತಾನೆ.